ಪಿಎಫ್ ಪೂರ್ತಿ ತೆಗೆಸುವ ಮುನ್ನ: ಗಾರ್ಮೆಂಟ್ಸ್ ಅಕ್ಕತಂಗಿಯರಿಗೆ ಒಂದು ಬಹಿರಂಗ ಪತ್ರ

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನ ಗಾರ್ಮೆಂಟ್ಸ್‌ಗಳಲ್ಲಿ ಟೈಲರ್, ಹೆಲ್ಪರ್, ಚೆಕಿಂಗ್, ಐರನಿಂಗ್ ಕೆಲಸದಲ್ಲಿರುವ ಅಕ್ಕತಂಗಿಯರೇ,

2016ರ ಏಪ್ರಿಲ್ 18 ಮತ್ತು 19 ನಿಮ್ಮಲ್ಲಿ ಹಲವರಿಗೆ ನೆನಪಿದೆ. ಆಗಿನ್ನೂ ಕೆಲಸಕ್ಕೆ ಸೇರದ ಚಿಕ್ಕವರು ಲೈನಿನ ಹಿರಿಯರಿಂದ ಕೇಳಿರುತ್ತೀರಿ. ಆ ವರ್ಷ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಕೆಲಸ ಬಿಟ್ಟರೂ ಸರಿಯೇ, ಪಿಎಫ್‌ನಲ್ಲಿರುವ ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗುವುದಿಲ್ಲ ಎಂದು ಅದರಲ್ಲಿತ್ತು. ಸುದ್ದಿ ಫ್ಯಾಕ್ಟರಿಯಿಂದ ಫ್ಯಾಕ್ಟರಿಗೆ ಹಬ್ಬಿತು. ಹೊಸೂರು ರಸ್ತೆಗೆ ನೀವು ಸಾವಿರ ಸಾವಿರ ಸಂಖ್ಯೆಯಲ್ಲಿ ಇಳಿದಿರಿ. ಕರೆ ಕೊಟ್ಟ ದೊಡ್ಡ ಮುಖಂಡರು ಯಾರೂ ಇರಲಿಲ್ಲ. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಎರಡನೆಯ ದಿನವೇ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆ ವಾಪಸ್ ಪಡೆಯುವುದಾಗಿ ಹೇಳಬೇಕಾಯಿತು. ಎ.ಸಿ. ಕೋಣೆಯಲ್ಲಿ ಕೂತು ದುಡಿಯುವವರೂ ಸೇರಿ ಇಡೀ ದೇಶದ ಪಿಎಫ್ ಸದಸ್ಯರಿಗೆ ನೀವು ಗೆದ್ದುಕೊಟ್ಟ ಹಕ್ಕು ಅದು.

ನೀವು ಅಂದು ಕೇಳಿದ್ದು ನ್ಯಾಯವೇ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮಿಷನ್ ತುಳಿಯುವವರು ಎಷ್ಟು ಜನ? ನಲವತ್ತೈದು ದಾಟುವ ಹೊತ್ತಿಗೆ ಸೊಂಟ, ಮಂಡಿ, ಕಣ್ಣು ಮೂರೂ ಸೋತಿರುತ್ತವೆ, ಗಂಟೆಗೆ ಕೇಳುವ ಪೀಸು ಮಾತ್ರ ಕಡಿಮೆಯಾಗುವುದಿಲ್ಲ. ಅಂಥವರಿಗೆ 58ರವರೆಗೆ ಕಾಯಿರಿ ಎನ್ನುವುದು ಅನ್ಯಾಯ. ಆ ದುಡ್ಡು ನಿಮ್ಮದು. ನಿಮ್ಮದೇ ಆದ್ದರಿಂದ ಅದರಲ್ಲಿ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಿದರೆ ಮುಪ್ಪಿನ ಅನ್ನಕ್ಕೇ ಕೈ ಹಾಕಿದಂತೆ ಎಂಬುದು ಸೈಬರ್ ಸೆಂಟರ್ ಹುಡುಗನಿಗಿಂತ, ಎಚ್‌ಆರ್‌ಗಿಂತ ಮೊದಲು ನಿಮಗೆ ಗೊತ್ತಿರಬೇಕು. ಅದಕ್ಕಾಗಿಯೇ ಈ ಪತ್ರ.

ನಾನು ಇಂಥದೇ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿದ್ದು ನಿವೃತ್ತಳಾದವಳು. ಹಾಜರಿ, ಪೇ ಸ್ಲಿಪ್, ಪಿಎಫ್, ಇಎಸ್‌ಐ ಕಾಗದಗಳೇ ನನ್ನ ಉದ್ಯೋಗವಾಗಿತ್ತು. ಈಗಲೂ ಭಾನುವಾರ ಕೇರಿಯ ಹೆಣ್ಣುಮಕ್ಕಳು ಆಧಾರ್, ಪಾಸ್‌ಬುಕ್ ಹಿಡಿದು ಮನೆಗೆ ಬರುತ್ತಾರೆ. ಬಹಳ ಜನರ ಮಾತು ಒಂದೇ: “ಮೇಡಂ, ಪಿಎಫ್ ಪೂರ್ತಿ ತೆಗೆಸಿಕೊಡಿ.” ಜೂನ್ ತಿಂಗಳ ಸ್ಕೂಲ್ ಫೀಸು, ಮನೆಯ ಅಡ್ವಾನ್ಸು, ಅಡ ಇಟ್ಟ ಸರ, ಸಂಘದ ಕಂತು. ಇವುಗಳಲ್ಲಿ ಯಾವುದೂ ನೆಪವಲ್ಲ. ಆದರೆ ‘ಪೂರ್ತಿ’ ಅನ್ನುವಾಗ ಅದರೊಳಗೆ ಏನೇನು ಸೇರಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಲೆಕ್ಕಕ್ಕೆ ಸುಲಭವಾಗಲೆಂದು ಬೇಸಿಕ್ ಮತ್ತು ಡಿಎ ಸೇರಿ 12,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ 12, ಅಂದರೆ 1,440 ರೂಪಾಯಿ ನಿಮ್ಮ ಸಂಬಳದಿಂದ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು. ಮಾಲೀಕರ 1,440ರಲ್ಲಿ ಸುಮಾರು 440 ಮಾತ್ರ ನಿಮ್ಮ ಪಿಎಫ್ ಖಾತೆಗೆ ಸೇರುತ್ತದೆ. ಮಿಕ್ಕ 1,000 ರೂಪಾಯಿ, ಸಂಬಳದ ಶೇ 8.33, ಬೇರೆ ಕಡೆ ಹೋಗುತ್ತದೆ. ಅದು 1995ರ ನೌಕರರ ಪಿಂಚಣಿ ಯೋಜನೆ, ಇಪಿಎಸ್. ಹಾಗಾಗಿ ನಿಮ್ಮ ಹೆಸರಿನಲ್ಲಿ ಎರಡು ಲೆಕ್ಕಗಳಿವೆ. ಒಂದು ಬಡ್ಡಿ ಸೇರಿ ಬೆಳೆಯುವ ಪಿಎಫ್, ಇನ್ನೊಂದು ಪಿಂಚಣಿ. ಕೆಲಸ ಬಿಟ್ಟವರು ಪಿಎಫ್ ತೆಗೆಯುವುದು 19ನೇ ಫಾರಂನಲ್ಲಿ. ಪಿಂಚಣಿಯ ದುಡ್ಡು ತೆಗೆಯುವುದು 10ಸಿ ಫಾರಂನಲ್ಲಿ. ‘ಪೂರ್ತಿ ತೆಗೆಸಿಕೊಡಿ’ ಅಂದರೆ ಸೈಬರ್ ಸೆಂಟರಿನಲ್ಲಿ ಎರಡನ್ನೂ ಒಟ್ಟಿಗೆ ಹಾಕಿ, ಓಟಿಪಿ ಕೇಳಿ, ಕಮಿಷನ್ ತೆಗೆದುಕೊಂಡು ಕಳಿಸುತ್ತಾರೆ. ನೀವು ಅರಿಯದೆಯೇ ಪಿಂಚಣಿ ಕೈಬಿಟ್ಟಿರುತ್ತೀರಿ.

ಪಿಂಚಣಿಗೆ ಬೇಕಾದದ್ದು ಹತ್ತು ವರ್ಷದ ಸೇವೆ. ಇದೊಂದು ಮಾತನ್ನು ದಯವಿಟ್ಟು ಪಕ್ಕದ ಮಿಷನ್‌ನವರಿಗೂ ಹೇಳಿ. ಹತ್ತು ವರ್ಷ ಒಂದೇ ಫ್ಯಾಕ್ಟರಿಯಲ್ಲಿ ಆಗಬೇಕೆಂದಿಲ್ಲ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ನಾಲ್ಕು, ಮತ್ತೊಂದು ಕಡೆ ಐದು ವರ್ಷ ದುಡಿದರೂ ಕೂಡಿದರೆ ಹದಿಮೂರು. ಆದರೆ ಪ್ರತಿ ಸಲ ಫ್ಯಾಕ್ಟರಿ ಬಿಟ್ಟಾಗ 10ಸಿ ಹಾಕಿ ದುಡ್ಡು ತೆಗೆದಿದ್ದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ, ಎಣಿಕೆ ಮತ್ತೆ ಒಂದರಿಂದ ಶುರು. ಹೊಲಿದ ಶರ್ಟನ್ನು ಮೂರು ಸಲ ಬಿಚ್ಚಿ ಮತ್ತೆ ಕಾಲರಿನಿಂದ ಶುರು ಮಾಡಿದ ಹಾಗೆ. ಹದಿಮೂರು ವರ್ಷ ದುಡಿದವಳಿಗೆ ಪಿಂಚಣಿ ಸೊನ್ನೆ. ಅದೇ ಹದಿಮೂರು ವರ್ಷವನ್ನು ಟ್ರಾನ್ಸ್‌ಫರ್ ಮಾಡಿಸಿ ಕೂಡಿಟ್ಟಿದ್ದರೆ ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ 12,000 ಆದರೆ ತಿಂಗಳಿಗೆ 2,228 ರೂಪಾಯಿ. 58 ತುಂಬಿದ ಮೇಲೆ, ಬದುಕಿರುವಷ್ಟು ಕಾಲ. ಇಪ್ಪತ್ತು ವರ್ಷ ಪೂರೈಸಿ 58ಕ್ಕೆ ಪಿಂಚಣಿ ಪಡೆಯುವವರಿಗೆ ಇನ್ನೆರಡು ವರ್ಷ ಕೂಡಿಸಿ ಲೆಕ್ಕ ಹಾಕುತ್ತಾರೆ. ಅವರಿಗೆ ಇದೇ ಸಂಬಳದ ಮೇಲೆ 3,771 ರೂಪಾಯಿ.

ಇದು ದೊಡ್ಡ ಮೊತ್ತವೆಂದು ನಾನು ಹೇಳುತ್ತಿಲ್ಲ. ಈ ಪಿಂಚಣಿ ಬೆಲೆ ಏರಿದ ಹಾಗೆ ಏರುವುದೂ ಇಲ್ಲ. 2014ರಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿದರು. ಅಂದಿನ ಸಾವಿರಕ್ಕೂ ಇಂದಿನ ಸಾವಿರಕ್ಕೂ ಎಷ್ಟು ಅಂತರವೆಂದು ಸಂತೆಗೆ ಹೋಗುವ ನಿಮಗೆ ಗೊತ್ತು. ಅದನ್ನು ಹೆಚ್ಚಿಸಲೇಬೇಕೆಂದು ಪಿಂಚಣಿದಾರರು ಹೋರಾಡುತ್ತಿದ್ದಾರೆ, ಆ ಹೋರಾಟಕ್ಕೆ ನಿಮ್ಮ ದನಿಯೂ ಬೇಕು. ಆದರೂ ಮಗನ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇರುವ ಅರವತ್ತೈದರ ಹೆಂಗಸಿಗೆ ತಿಂಗಳು ತಿಂಗಳು ತನ್ನ ಖಾತೆಗೆ ಎರಡೂವರೆ ಮೂರು ಸಾವಿರ ಬೀಳುವುದಕ್ಕೂ, ಮಾತ್ರೆಗೆ ಯಾರದೋ ಮುಖ ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ನಮ್ಮ ಬೀದಿಯಲ್ಲೇ ದಿನಾ ನೋಡುತ್ತೇನೆ. ಒಂಬತ್ತು ವರ್ಷ ಮುಗಿದವಳು 10ಸಿ ಹಾಕಿದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದಂತೆ, ಲಕ್ಷದ ಆಸುಪಾಸು ಸಿಗಬಹುದು. ಅದು ಒಂದು ಮದುವೆಯ ಚಪ್ಪರಕ್ಕೆ ಕರಗುತ್ತದೆ. ಇನ್ನೊಂದು ವರ್ಷ ತಡೆದಿದ್ದರೆ ಜೀವಮಾನದ ಪಿಂಚಣಿ.

ಹತ್ತು ವರ್ಷ ತುಂಬಿದ ಮೇಲೆ ಮೈ ಸೋತು ಕೆಲಸ ಬಿಟ್ಟರೆ ಏನು? ಅದೇ 10ಸಿ ಫಾರಂನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಅದು ನಿಮ್ಮ ಸೇವೆಯ ದಾಖಲೆ. ಜೋಪಾನವಾಗಿಡಿ. ಐವತ್ತು ತುಂಬಿದ ಮೇಲೆ ಬೇಕೆಂದಾಗ 10ಡಿ ಫಾರಂ ಹಾಕಿ ಪಿಂಚಣಿ ಶುರು ಮಾಡಿಸಬಹುದು. 58ಕ್ಕಿಂತ ಮುಂಚೆ ತೆಗೆದುಕೊಂಡಷ್ಟೂ ವರ್ಷಕ್ಕೆ ಶೇ 4ರಂತೆ ಕಡಿತ ಆಗುತ್ತದೆ. ಹತ್ತು ವರ್ಷ ತುಂಬದೆ ಬಿಟ್ಟವರೂ ಮುಂದೆ ಮತ್ತೆ ಕೆಲಸಕ್ಕೆ ಹೋಗುವ ಆಲೋಚನೆ ಇದ್ದರೆ ದುಡ್ಡಿನ ಬದಲು ಸರ್ಟಿಫಿಕೇಟನ್ನೇ ಕೇಳಿ.

ಹೇಳಲು ಕಷ್ಟವಾದ ಇನ್ನೊಂದು ವಿಷಯವಿದೆ. ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಹತ್ತು ವರ್ಷದ ಷರತ್ತು ಇಲ್ಲ. ಒಂದು ತಿಂಗಳ ಕಂತು ಕಟ್ಟಿದ್ದರೂ ಗಂಡ ಅಥವಾ ಹೆಂಡತಿಗೆ ಪಿಂಚಣಿ ಉಂಟು. ಜೊತೆಗೆ ಇಬ್ಬರು ಮಕ್ಕಳವರೆಗೆ 25 ವರ್ಷ ತುಂಬುವ ತನಕ ಉಂಟು. ಇದಲ್ಲದೆ ನಿಮ್ಮ ಸಂಬಳದಿಂದ ಪೈಸೆ ಹಿಡಿಯದೆ ಮಾಲೀಕರೇ ಕಟ್ಟುವ ಇಡಿಎಲ್‌ಐ ವಿಮೆ ಇದೆ. ಒಂದು ವರ್ಷ ಸತತ ಕೆಲಸ ಮಾಡಿದವರ ಮನೆಯವರಿಗೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ. ನಿಮ್ಮ ಗಂಡ ಕಾರ್ಖಾನೆಯಲ್ಲೋ ಸೆಕ್ಯುರಿಟಿ ಏಜೆನ್ಸಿಯಲ್ಲೋ ಇದ್ದು ಅವರಿಗೂ ಪಿಎಫ್ ಹಿಡಿಯುತ್ತಿದ್ದರೆ ಇದೇ ನಿಯಮ ಅವರಿಗೂ ಅನ್ವಯ. ಗಂಡ ಸತ್ತು ವರ್ಷಗಳಾದ ಮೇಲೂ ಹೀಗೊಂದು ಪಿಂಚಣಿ ಇದೆಯೆಂದೇ ತಿಳಿಯದ ಹೆಂಗಸರಿದ್ದಾರೆ.

ಇನ್ನು ಪಿಎಫ್ ಖಾತೆಯ ಮಾತು. 12,000 ಸಂಬಳಕ್ಕೆ ತಿಂಗಳಿಗೆ 1,880 ರೂಪಾಯಿ ಅಲ್ಲಿ ಬೀಳುತ್ತದೆ. 2024-25ಕ್ಕೆ ಬಡ್ಡಿ ಶೇ 8.25. ನಿಮ್ಮ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಎಷ್ಟು ಕೊಡುತ್ತಾರೆಂದು ಒಮ್ಮೆ ಕೇಳಿ ನೋಡಿ, ಆಗ ಇದರ ಬೆಲೆ ಗೊತ್ತಾಗುತ್ತದೆ. ಐದು ವರ್ಷದಲ್ಲಿ ಸುಮಾರು 1,38,000 ರೂಪಾಯಿ ಕೂಡುತ್ತದೆ. ಮೂವತ್ತನೇ ವಯಸ್ಸಿಗೆ ಕೆಲಸ ಬಿಟ್ಟವಳು ಅದನ್ನು ತೆಗೆಯದೆ ಹಾಗೇ ಬಿಟ್ಟಳು ಅನ್ನಿ. ಬಡ್ಡಿ ಇದೇ ದರದಲ್ಲಿ ಮುಂದುವರಿದರೆ 58ಕ್ಕೆ ಅದು ಹನ್ನೆರಡೂವರೆ ಲಕ್ಷ ದಾಟುತ್ತದೆ. ಬಡ್ಡಿ ದರ ವರ್ಷ ವರ್ಷ ಬದಲಾಗುತ್ತದೆ, ಸಾಮಾನಿನ ಬೆಲೆಯೂ ಏರುತ್ತದೆ. ಬೆಲೆ ವರ್ಷಕ್ಕೆ ಶೇ 5ರಂತೆ ಏರಿದರೂ ಆ ಮೊತ್ತ ಇಂದಿನ ಮೂರು ಲಕ್ಷಕ್ಕಿಂತ ಹೆಚ್ಚಿನ ತೂಕದ್ದು. ಹೊಸ ಕಂತು ಒಂದನ್ನೂ ಕಟ್ಟದೆ ಬರುವ ಬೆಳವಣಿಗೆ ಇದು.

“ಅಷ್ಟು ವರ್ಷ ಮುಟ್ಟದೆ ಇರೋಕೆ ನಾವೇನು ಸಾಹುಕಾರ್ರಾ?” ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಮಗುವಿಗೆ ಜ್ವರ ಬಂದಾಗ ಮುಪ್ಪಿನ ಲೆಕ್ಕ ಹೇಳುವುದು ಕ್ರೌರ್ಯ. ಆದರೆ ದುಡ್ಡು ಬೇಕೆಂದರೆ ಕೆಲಸ ಬಿಡಲೇಬೇಕು ಎಂದು ನಿಮಗೆ ಹೇಳಿಕೊಟ್ಟವರು ತಪ್ಪು ಹೇಳಿದ್ದಾರೆ. ಕಾಯಿಲೆ, ಮಕ್ಕಳ ಓದು, ಮದುವೆ, ಮನೆ, ಇಂಥ ಕಾರಣಕ್ಕೆ ಕೆಲಸದಲ್ಲಿದ್ದುಕೊಂಡೇ 31ನೇ ಫಾರಂ ಹಾಕಿ ಪಿಎಫ್ ಅಡ್ವಾನ್ಸ್ ತೆಗೆಯಬಹುದು. ಅದನ್ನು ವಾಪಸ್ ಕಟ್ಟಬೇಕಾಗಿಲ್ಲ. ಪಿಂಚಣಿಯ ಸೇವೆ ಒಂದು ದಿನವೂ ಕಡಿಮೆಯಾಗುವುದಿಲ್ಲ. ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಪಕ್ಕದ ಫ್ಯಾಕ್ಟರಿಗೆ ಹೊಸಬಳಾಗಿ ಸೇರುವ ಪದ್ಧತಿಯಿಂದ ನೀವು ಕಳೆದುಕೊಳ್ಳುವುದು ಪಿಂಚಣಿ ಒಂದನ್ನೇ ಅಲ್ಲ. ಐದು ವರ್ಷ ಸತತವಾಗಿ ದುಡಿದು ಬಿಡುವವರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಟಿ ಬರುತ್ತದೆ. ತಿಂಗಳ ಸಂಬಳವನ್ನು 26ರಿಂದ ಭಾಗಿಸಿ ದಿನದ ಸಂಬಳ ಹಿಡಿಯುತ್ತಾರೆ. 12,000ಕ್ಕೆ ಹತ್ತು ವರ್ಷಕ್ಕಾದರೆ ಸುಮಾರು 69,000. ನಾಲ್ಕೂವರೆ ವರ್ಷಕ್ಕೆ ನೀವು ರಾಜೀನಾಮೆ ಕೊಟ್ಟರೆ ಆ ದುಡ್ಡು ಉಳಿಯುವುದು ಮಾಲೀಕರಿಗೆ. ಐದನೆಯ ವರ್ಷದ ಹೊಸ್ತಿಲಲ್ಲಿ ಸೂಪರ್‌ವೈಸರ್ ದಿಢೀರನೆ ಕಾಟ ಕೊಡತೊಡಗಿದರೆ ಕೋಪದಲ್ಲಿ ಬಿಟ್ಟು ಬರಬೇಡಿ. ಮೊದಲು ಸೇರಿದ ತಾರೀಖು ನೋಡಿ.

ಐದು ವರ್ಷದ ಗೆರೆ ಪಿಎಫ್‌ಗೂ ಇದೆ. ಅದಕ್ಕಿಂತ ಮುಂಚೆ 50,000ಕ್ಕೆ ಮೇಲ್ಪಟ್ಟು ತೆಗೆದರೆ ತೆರಿಗೆ ಮುರಿದುಕೊಳ್ಳುತ್ತಾರೆ. ಹಿಂದಿನ ಫ್ಯಾಕ್ಟರಿಯ ಖಾತೆ ಟ್ರಾನ್ಸ್‌ಫರ್ ಆಗಿದ್ದರೆ ಆ ವರ್ಷಗಳೂ ಎಣಿಕೆಗೆ ಬರುತ್ತವೆ.

ಪಿಎಫ್ ಒಡೆಯದಿರಬೇಕಾದರೆ ಅದರ ಮುಂದೆ ಕಾವಲಿಗೆ ಇನ್ನೊಂದು ಸಣ್ಣ ದುಡ್ಡು ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ಉಳಿದಿದೆ. ಗೃಹಲಕ್ಷ್ಮಿಯ 2,000 ಬರುವವರೂ ನಿಮ್ಮಲ್ಲಿ ಇದ್ದೀರಿ. ಅದರಲ್ಲಿ ಒಂದು ಪಾಲು, ಐನೂರೇ ಆಗಲಿ, ಅಂಚೆ ಕಚೇರಿಯ ಆರ್‌ಡಿಗೆ ಹಾಕಿ. ನೂರು ರೂಪಾಯಿಯಿಂದಲೂ ಶುರು ಮಾಡಬಹುದು. ಒಂದು ವರ್ಷ ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಅಲ್ಲೇ ಸಾಲ ಸಿಗುತ್ತದೆ. ಎರಡು ಮೂರು ತಿಂಗಳ ಮನೆ ಖರ್ಚಿನಷ್ಟು ಹೀಗೆ ಕೂಡಿದರೆ ಜೂನ್ ತಿಂಗಳು ಅಷ್ಟೊಂದು ಹೆದರಿಸುವುದಿಲ್ಲ.

ಚೀಟಿ ಹಾಕುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಚೀಟಿಯಿಂದಲೇ ಮಕ್ಕಳನ್ನು ಓದಿಸಿದವರು ನೀವು. ಆದರೆ ರಿಜಿಸ್ಟರ್ ಆಗದ, ಒಬ್ಬರ ನೋಟ್‌ಬುಕ್ಕಿನಲ್ಲಷ್ಟೇ ಇರುವ ಚೀಟಿಗೆ ಮುಪ್ಪಿನ ದುಡ್ಡು ಇಡಬೇಡಿ. ಅವರು ಮನೆ ಖಾಲಿ ಮಾಡಿ ಹೋದ ದಿನ ನಿಮ್ಮ ಕೈಯಲ್ಲಿ ರಸೀದಿಯೂ ಇರುವುದಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾದವು ಇವೆ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೇ ಚೀಟಿ ನಡೆಸುತ್ತದೆ. ಇನ್ನು ತಿಂಗಳಿಗೆ ನೂರಕ್ಕೆ ಮೂರು ನಾಲ್ಕು ರೂಪಾಯಿ ಲಾಭ ಕೊಡುತ್ತೇವೆಂದು ಬರುವವರನ್ನು, ಅವರು ನೆಂಟರೇ ಆಗಿರಲಿ, ದೇವರ ಹೆಸರನ್ನೇ ಹೇಳಲಿ, ಬಾಗಿಲಲ್ಲೇ ಕಳಿಸಿ. 2019ರ ಜೂನ್‌ನಲ್ಲಿ ಹೀಗೇ ಲಾಭದ ಆಸೆ ತೋರಿಸಿ ದುಡ್ಡು ಕಟ್ಟಿಸಿಕೊಂಡಿದ್ದ ಐಎಂಎ ಕಂಪನಿ ಮುಳುಗಿದಾಗ ಶಿವಾಜಿನಗರದಲ್ಲಿ ಸಾಲುಗಟ್ಟಿ ನಿಂತು ಅತ್ತವರಲ್ಲಿ ಮಗಳ ಮದುವೆಗೆ, ಮುಪ್ಪಿಗೆ ಎಂದು ಕೂಡಿಟ್ಟಿದ್ದ ಹೆಂಗಸರು ಎಷ್ಟೋ ಜನ. ಚಿನ್ನದ ಬಗ್ಗೆ ಒಂದೇ ಮಾತು: ಕಷ್ಟಕ್ಕೆ ಒದಗುತ್ತದೆ ನಿಜ, ಆದರೆ ಬಿಡಿಸಿಕೊಳ್ಳಲಾಗದೆ ಹರಾಜಿಗೆ ಹೋಗುವ ಚಿನ್ನವೂ ಬಹಳ. ಒಡವೆಯನ್ನು ಪಿಂಚಣಿಯೆಂದು ನಂಬಿ ಕೂರಬೇಡಿ.

ನಿಮಗೆ ನಲವತ್ತು ದಾಟಿಲ್ಲದಿದ್ದರೆ, ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ, ಪಿಎಫ್ ಇದ್ದರೂ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. 60 ದಾಟಿದ ಮೇಲೆ ತಿಂಗಳಿಗೆ 5,000 ಬೇಕೆಂದರೆ ಹದಿನೆಂಟನೇ ವಯಸ್ಸಿಗೆ ಸೇರಿದವಳು ತಿಂಗಳಿಗೆ 210 ಕಟ್ಟಬೇಕು, ಮೂವತ್ತಕ್ಕೆ ಸೇರಿದವಳು 577, ನಲವತ್ತಕ್ಕೆ ಸೇರಿದವಳು 1,454. ನೀವು ತೀರಿಕೊಂಡ ಮೇಲೆ ಅದೇ ಪಿಂಚಣಿ ಗಂಡನಿಗೆ, ಆಮೇಲೆ ಕೂಡಿದ ಮೊತ್ತ ನಾಮಿನಿಗೆ. ಮೂವತ್ತು ವರ್ಷದ ಆಚೆಯ 5,000 ಇಂದಿನ ಸಾವಿರ ಚಿಲ್ಲರೆಯಷ್ಟೇ ಬಾಳಬಹುದು. ಅದಕ್ಕೇ ಇದೊಂದನ್ನೇ ನೆಚ್ಚುವಂತಿಲ್ಲ, ಇಪಿಎಸ್ ಪಿಂಚಣಿಯ ಪಕ್ಕಕ್ಕೆ ಇದೂ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಕೈಯಲ್ಲಿ ಇನ್ನೂ ಸ್ವಲ್ಪ ಉಳಿಯುವವರು ಶೇ 12ಕ್ಕಿಂತ ಹೆಚ್ಚು ಪಿಎಫ್ ಹಿಡಿಯಿರಿ ಎಂದು ಫ್ಯಾಕ್ಟರಿಗೆ ಬರೆದುಕೊಡಬಹುದು. ಅದಕ್ಕೂ ಅದೇ ಬಡ್ಡಿ. ನಿಮ್ಮಂಥ ಸಂಬಳದವರಿಗೆ ಇದಕ್ಕಿಂತ ನಿಶ್ಚಿಂತೆಯ ಜಾಗ ನನಗೆ ಕಂಡಿಲ್ಲ. ಮ್ಯೂಚುವಲ್ ಫಂಡ್, ಎಸ್‌ಐಪಿ ಎಂದು ಫೋನಿನಲ್ಲಿ ಹೇಳುವವರನ್ನು ಇವೆಲ್ಲ ಆದ ಮೇಲೆ, ಹತ್ತು ವರ್ಷ ಬೇಡದ ದುಡ್ಡು ಇದ್ದರೆ ಮಾತ್ರ ಕೇಳಿಸಿಕೊಳ್ಳಿ.

ಈಗ ನಿಯಮಗಳು ಮತ್ತೆ ಬದಲಾಗುವ ಕಾಲ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯಾದ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ ಕೆಲವು ತೀರ್ಮಾನ ಮಾಡಿತು. ಪಿಎಫ್‌ನಲ್ಲಿ ಶೇ 25ರಷ್ಟನ್ನು ಕನಿಷ್ಠ ಉಳಿಕೆಯಾಗಿ ಬಿಡಬೇಕು. ಕೆಲಸ ಹೋದರೆ ಮುಕ್ಕಾಲು ಭಾಗ ಕೂಡಲೇ ಸಿಗಬೇಕು, ಪೂರ್ತಿ ತೆಗೆಯಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು. ಪಿಂಚಣಿಯ ದುಡ್ಡು ತೆಗೆಯಲು 36 ತಿಂಗಳು. ಕಾಲು ಭಾಗ ಉಳಿಯುವುದು ನನಗೆ ಒಳ್ಳೆಯದೆಂದೇ ತೋರುತ್ತದೆ. ಪಿಂಚಣಿಗೆ ಅವಸರದಲ್ಲಿ ಕೈ ಹಾಕದಂತೆ ತಡೆಯುವುದೂ ಸರಿ. ಆದರೆ ಫ್ಯಾಕ್ಟರಿ ಬಾಗಿಲು ಹಾಕಿ ಬೀದಿಗೆ ಬಿದ್ದವಳನ್ನು ಅವಳದೇ ದುಡ್ಡಿಗೆ ವರ್ಷ ಕಾಯಿಸುವ ಮುನ್ನ, 2016ರಲ್ಲಿ ಕೇಳದ ಹಾಗೆ ಈ ಸಲವೂ ಅವಳನ್ನು ಕೇಳದೆ ಇರಬಾರದಿತ್ತು. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಪಿಎಫ್ ಕಚೇರಿಯಲ್ಲೇ ವಿಚಾರಿಸಿ. ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ನಂಬಿ ಹೆದರಿ ಮೊದಲೇ ತೆಗೆದುಬಿಡಬೇಡಿ.

ಇದೆಲ್ಲ ನಿಮ್ಮ ಕೈಸೇರುವುದು ಕಾಗದ ಸರಿಯಿದ್ದರೆ ಮಾತ್ರ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್‌ನಲ್ಲಿ ಲಕ್ಷ್ಮಿ, ಬ್ಯಾಂಕಿನಲ್ಲಿ ಇನಿಶಿಯಲ್ ಬೇರೆ. ಇಷ್ಟಕ್ಕೇ ಅರ್ಜಿ ವಾಪಸ್ ಬರುತ್ತದೆ. ಕೆಲಸದಲ್ಲಿರುವಾಗಲೇ ಫ್ಯಾಕ್ಟರಿಯಿಂದ ಸರಿಪಡಿಸಿಕೊಳ್ಳಿ. ಬಿಟ್ಟು ಬಂದ ಮೇಲೆ ಗೇಟಿನೊಳಗೆ ಬಿಡುವವರಿಲ್ಲ. ಹೊಸ ಫ್ಯಾಕ್ಟರಿಗೆ ಸೇರುವಾಗ ಪಿಎಫ್‌ನ ಹಳೆಯ ಯುಎಎನ್ ನಂಬರನ್ನೇ ಕೊಡಿ. ಎರಡು ನಂಬರ್ ಆಗಿದ್ದರೆ ಹಳೆಯದನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿ. ನಾಮಿನಿ ಹೆಸರು ಮದುವೆಗೆ ಮುಂಚಿನದೇ ಇದ್ದರೆ ಬದಲಾಯಿಸಿ. ಮತ್ತೊಂದು ಮಾತು, ಮನಸ್ಸಿಗೆ ತೊಂದರೆಯಾದರೂ ಕೇಳಿ: ಆಧಾರ್‌ಗೆ ಸೇರಿಸಿರುವ ಫೋನ್ ನಂಬರ್ ಯಾರದು? ಗಂಡನದೋ ಮಗನದೋ ಆಗಿದ್ದರೆ ನಿಮ್ಮ ಪಿಎಫ್‌ನ ಓಟಿಪಿ ಅವರಿಗೆ ಹೋಗುತ್ತದೆ. ದುಡಿದವಳಿಗೆ ಗೊತ್ತಾಗುವ ಮೊದಲೇ ಖಾತೆ ಖಾಲಿಯಾದ ಪ್ರಸಂಗಗಳನ್ನು ನಾನು ನೋಡಿದ್ದೇನೆ. ನಂಬರ್ ನಿಮ್ಮದೇ ಇರಲಿ, ಬ್ಯಾಂಕ್ ಖಾತೆಯೂ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ.

ಯುಎಎನ್‌ಗೆ ಸೇರಿಸಿದ ಫೋನಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಖಾತೆಯಲ್ಲಿ ಎಷ್ಟಿದೆಯೆಂದು ಮೆಸೇಜ್ ಬರುತ್ತದೆ. ಇದಕ್ಕೆ ಕಾಸಿಲ್ಲ. ತಿಂಗಳ ಸಂಬಳ ಬಂದಾಗ ಒಮ್ಮೆ ನೋಡಿ. ಪೇ ಸ್ಲಿಪ್‌ನಲ್ಲಿ ಹಿಡಿದ ದುಡ್ಡು ಎರಡು ತಿಂಗಳಾದರೂ ಅಲ್ಲಿ ಕಾಣದಿದ್ದರೆ ಸುಮ್ಮನಿರಬೇಡಿ. ಪ್ರತಿ ತಿಂಗಳ 27ರಂದು ಜಿಲ್ಲೆ ಜಿಲ್ಲೆಯಲ್ಲೂ ಪಿಎಫ್ ಅಧಿಕಾರಿಗಳು ‘ನಿಧಿ ಆಪ್ ಕೆ ನಿಕಟ್’ ಎಂಬ ಶಿಬಿರ ನಡೆಸುತ್ತಾರೆ, ಅಂದು ರಜೆಯಾಗಿದ್ದರೆ ಮುಂದಿನ ಕೆಲಸದ ದಿನ ಇರುತ್ತದೆ. ಪೇ ಸ್ಲಿಪ್, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಂಡು ಹೋಗಿ. ಒಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ, ಲೈನಿನವರು ನಾಲ್ಕೈದು ಜನ ಸೇರಿ ಹೋಗಿ. ದೂರು ಕೊಟ್ಟಿದ್ದಕ್ಕೆ ನಂಬರ್ ಹಾಕಿದ ರಸೀದಿ ಕೈಗೆ ಬರುವವರೆಗೂ ಅಲ್ಲಿಂದ ಏಳಬೇಡಿ.

ಇತಿ,
ಟೈಮ್ ಆಫೀಸಿನ ನಿಮ್ಮ ಅಕ್ಕ